ಚೂರಿನ ಗುಡ್ಡೆ

ಆ ಊರಿನಲ್ಲಿ ಏನನ್ನು ಅಳೆದರೂ ಒಂದು ಚೂರು ಉಳಿಯುತ್ತಿತ್ತು.

ಬಾಗಿಲು ಅಳೆದರೆ ಚೂರು. ಬಟ್ಟೆ ಅಳೆದರೆ ಚೂರು. ತೊಟ್ಟಿಲು ಅಳೆದರೂ ಚೂರು, ಚಟ್ಟ ಅಳೆದರೂ ಚೂರು. ಆ ಚೂರಿಗೆ ಹೆಸರಿರಲಿಲ್ಲ. ಅದನ್ನು ಏನು ಮಾಡಬೇಕೆಂದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಅಳೆದವರು ನೆಲದಿಂದ ಒಂದು ಹರಳುಕಲ್ಲು ಎತ್ತಿಕೊಳ್ಳಬೇಕು. ಊರಬಾವಿಯ ಪಕ್ಕದ ಗುಡ್ಡೆಯವರೆಗೆ ನಡೆಯಬೇಕು. ‘ಚೂರು ಕಲ್ಲಿಗೆ’ ಎಂದು ಹೇಳಿ ಅಲ್ಲಿ ಹಾಕಿ, ಹಿಂದಿರುಗಿ ನೋಡದೆ ಬರಬೇಕು. ಅಲ್ಲಿಗೆ ಅಳತೆ ಮುಗಿಯಿತು. ಅಜ್ಜಂದಿರು ಹಾಕಿದ್ದರು, ಅವರ ಅಜ್ಜಂದಿರು ಹಾಕಿದ್ದರು. ಗುಡ್ಡೆ ಈಗ ಮನೆಯ ಸೂರಿಗಿಂತ ಎತ್ತರವಾಗಿತ್ತು.

ಚೂರು ಉಳಿಯುವುದಕ್ಕೆ ಕಾರಣ ಇಷ್ಟೆ.

ಊರಿಗೆ ಒಂದು ಕೋಲಿತ್ತು. ಬಾವಿಕಟ್ಟೆಯ ಕಲ್ಲುಗೂಡಿನಲ್ಲಿ ಅದು ಮಲಗಿರುತ್ತಿತ್ತು. ಕೋಲಿಗೆ ಹತ್ತು ಗೆಣ್ಣು, ಗೆಣ್ಣಿಗೆ ಹತ್ತು ಗೀರು, ಗೀರಿಗೆ ಹತ್ತು ಕೂದಲು. ಅದು ಯಾವ ರಾಜನ ತೋಳೂ ಅಲ್ಲ, ಯಾವ ಗುರುವಿನ ಹೆಜ್ಜೆಯೂ ಅಲ್ಲ. ಯಾರ ಮೈಯಿಂದಲೂ ಬಂದದ್ದಲ್ಲವಾದ್ದರಿಂದ ಅದು ಎಲ್ಲರದಾಗಿತ್ತು. ಹೊಳೆಯಾಚೆಯ ಊರುಗಳಲ್ಲೂ ಅದೇ ಕೋಲು, ಅವುಗಳ ಆಚೆಯ ಊರುಗಳಲ್ಲೂ ಅದೇ.

ಬೆಟ್ಟದ ಮೇಲೆ ಒಂದು ಹಲಗೆಮನೆ ಇತ್ತು. ಅಲ್ಲಿ ಮಾತಾಡುವ ಹಲಗೆಗಳನ್ನು ಮಾಡುತ್ತಿದ್ದರು. ಕರಿಯ, ನುಣುಪಾದ, ಎರಡು ಅಂಗೈ ಅಗಲದ ಹಲಗೆ. ಯಾವುದರ ಎದುರು ಹಿಡಿದರೂ ಅದರ ಉದ್ದ, ಆಳ, ದೂರ ಹೇಳುತ್ತಿತ್ತು. ಕೈಗೆಟುಕದ್ದನ್ನೂ ಕಣ್ಣಿಗೆ ಕಾಣದ್ದನ್ನೂ ಹೇಳುತ್ತಿತ್ತು. ಆದರೆ ಹೇಳುವುದೆಲ್ಲ ಪಾದಗಳಲ್ಲಿ. ಹಲಗೆಮನೆಯನ್ನು ಕಟ್ಟಿದ ಮೂಲದೊಡೆಯನ ಪಾದ ಅದು. ಒಡೆಯ ಸತ್ತು ಎಷ್ಟೋ ತಲೆಮಾರು ಕಳೆದಿದ್ದವು. ಅವನ ಪಾದವನ್ನು ಕಂಡವರು ಊರಿನಲ್ಲಿ ಯಾರೂ ಇರಲಿಲ್ಲ, ಬೆಟ್ಟದಲ್ಲೂ ಇರಲಿಲ್ಲ. ಹಲಗೆ ಮಾತ್ರ ಮುದುಕನ ಧ್ವನಿಯಲ್ಲಿ ‘ನಲವತ್ತು ಪಾದ’ ಎನ್ನುತ್ತಿತ್ತು. ಕೇಳಿದವರು ಅದನ್ನು ಕೋಲಿಗೆ ತಿರುಗಿಸಿಕೊಳ್ಳಬೇಕು. ಮೂರು ಪಾದಕ್ಕೆ ಒಂದಿಷ್ಟು ಸೇರಿದರೆ ಒಂದು ಕೋಲು. ಆ ಒಂದಿಷ್ಟು ಎಲ್ಲಿಯೂ ಸರಿಯಾಗಿ ಕೂರುತ್ತಿರಲಿಲ್ಲ. ತಿರುಗಿಸುವಾಗ ಲೆಕ್ಕಕ್ಕೆ ಸಿಗದೆ ಉಳಿದದ್ದೇ ಚೂರು.

ಇನ್ನೊಂದು ಸಂಗತಿ. ಹಲಗೆ ಒಂದೇ ವರ್ಷ ಬದುಕುತ್ತಿತ್ತು. ಬೂರುಗದ ಮರ ಹೂಬಿಟ್ಟ ದಿನ ಊರಿನ ಹಲಗೆಗಳೆಲ್ಲ ಒಟ್ಟಿಗೆ ಮೂಕವಾಗುತ್ತಿದ್ದವು. ಮುಂದಿನ ಸಂತೆಯಲ್ಲಿ ಹೊಸದು ಕೊಳ್ಳಬೇಕು.

ಆ ಊರಿನಲ್ಲಿ ಹಗ್ಗ ಹೊಸೆಯುವವಳೊಬ್ಬಳು ಇದ್ದಳು. ಅವಳನ್ನು ಎಲ್ಲರೂ ಹಗ್ಗದವಳು ಎನ್ನುತ್ತಿದ್ದರು. ಅವಳ ಅಕ್ಕ ಜೇನು ಇಳಿಸುವವಳು. ತಂಗಿ ಹೊಸೆದ ಹಗ್ಗದಲ್ಲಿ ಅಕ್ಕ ಕಣಿವೆಗೆ ಇಳಿಯುತ್ತಿದ್ದಳು. ಊರಿನ ದೀಪಗಳೆಲ್ಲ ಆ ಜೇನಿನ ಮೇಣದವು.

ಕಣಿವೆಯ ಬಂಡೆ ಮುಂದಕ್ಕೆ ಚಾಚಿಕೊಂಡಿತ್ತು. ಅದರ ಕೆಳಗೆ ಕಾಲೂರುವಷ್ಟೇ ಕಿರಿದಾದ ಚಡಿಗಳು, ಚಡಿಗಳ ಕೆಳಗೆ ಹೊಳೆ. ಜೇನು ಒಂದೊಂದು ವರ್ಷ ಒಂದೊಂದು ಚಡಿಯಲ್ಲಿ ಕೂರುತ್ತಿತ್ತು. ಆದ್ದರಿಂದ ಹಿಂದಿನ ವರ್ಷದ ಹಗ್ಗ ಈ ವರ್ಷಕ್ಕೆ ಆಗದು. ದಾರ ಇಳಿಬಿಟ್ಟು ಅಳೆಯೋಣವೆಂದರೆ, ಒಂದು ಸಲ ದಾರ ಕಂಡ ಜೇನು ಎರಡನೆಯ ಸಲಕ್ಕೆ ಎದ್ದು ಬರುತ್ತದೆ. ಇಳಿಯುವುದು ಒಂದೇ ಹಗ್ಗ, ಒಂದೇ ಸಲ. ಇಳಿದವಳು ಮೇಲಿನವರಿಗೆ ಕಾಣಳು. ಹೊಳೆಯ ಭೋರ್ಗರೆತದಲ್ಲಿ ಅವಳ ಕೂಗು ಕೇಳದು. ಹಗ್ಗಕ್ಕೆ ಕೆಂಪು ದಾರದ ಗುರುತು ಕಟ್ಟಿರುತ್ತಿದ್ದರು. ಗುರುತು ಬಂಡೆಯಂಚಿಗೆ ಬಂದಾಗ ಹಗ್ಗ ನಿಲ್ಲಬೇಕು. ಆಗ ಅವಳ ಪಾದ ಚಡಿಯ ಮಟ್ಟಕ್ಕೆ ಸರಿಯಾಗಿ ಇರಬೇಕು. ಕಡಿಮೆಯಾದರೆ ಗಾಳಿಯಲ್ಲಿ, ಹೆಚ್ಚಾದರೆ ಹೊಳೆಯಲ್ಲಿ.

ಕಳೆದ ವರ್ಷದವರೆಗೆ ಹಲಗೆ ಚಡಿಯ ಆಳವನ್ನು ಒಂದೇ ಸಂಖ್ಯೆಯಲ್ಲಿ ಹೇಳುತ್ತಿತ್ತು. ಒಂದು ಸಂಖ್ಯೆ, ಒಂದು ತಿರುಗಿಸುವಿಕೆ, ಒಂದು ಚೂರು. ಅಷ್ಟನ್ನು ಅಕ್ಕನ ಮೊಣಕಾಲು ನುಂಗಿಕೊಳ್ಳುತ್ತಿತ್ತು. ಕಳೆದ ವರ್ಷ ಹಲಗೆಮನೆಯವರು ಹಲಗೆಯನ್ನು ಸುಧಾರಿಸಿದರು. ಹೊಸ ಹಲಗೆ ಬಂಡೆಯ ಪದರ ಪದರವನ್ನೂ ಬೇರೆ ಬೇರೆಯಾಗಿ ಹೇಳಿತು. ಏಳು ಪದರ, ಏಳು ಸಂಖ್ಯೆ. ಹಗ್ಗದವಳು ಏಳನ್ನೂ ತಿರುಗಿಸಿದಳು. ಏಳು ಹರಳು ಮಡಿಲಿಗೆ ಹಾಕಿಕೊಂಡು ಗುಡ್ಡೆಗೆ ಹೋದಳು. ಏಳು ಸಲ ‘ಚೂರು ಕಲ್ಲಿಗೆ’ ಎಂದಳು. ಇಷ್ಟೊಂದು ಬಿಟ್ಟೆನಲ್ಲ ಎಂದು ಒಳಗೊಳಗೆ ಸಮಾಧಾನವೂ ಆಗಿತ್ತು.

ಕೆಂಪು ದಾರ ಅಂಚಿಗೆ ಬಂದಾಗ ಹಗ್ಗ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅದು ಒಮ್ಮೆಲೇ ಹಗುರಾಯಿತು. ಕಾದು ಕಾದು ಎಳೆದಾಗ ಖಾಲಿ ಹಗ್ಗ ಮೇಲೆ ಬಂತು. ಕಾಲಿಗೆ ಚಡಿ ಸಿಗದೆ ಅಕ್ಕ ಹಗ್ಗ ಬಿಚ್ಚಿ ಹಾರಿದ್ದಳು. ಹಗ್ಗದವಳು ಉಟ್ಟ ಸೀರೆಯನ್ನು ಬಿಚ್ಚಿ ತುದಿಗೆ ಕಟ್ಟಿ ಮತ್ತೆ ಇಳಿಬಿಟ್ಟಳು. ಜೇನು ಎದ್ದಿತು. ಅಕ್ಕ ಆ ಸೀರೆ ಹಿಡಿದು ಮೇಲೆ ಬಂದಾಗ ಮುಖ ಮುಖವಾಗಿರಲಿಲ್ಲ, ಬಲಗಾಲು ಕಾಲಾಗಿರಲಿಲ್ಲ.

ಅಕ್ಕ ಮಲಗಿದ್ದ ಅಷ್ಟು ದಿನವೂ ಹಗ್ಗದವಳು ಒಂದೇ ಕೆಲಸ ಮಾಡಿದಳು. ಹಲಗೆಯ ಎದುರು ಕಡ್ಡಿ ಕತ್ತರಿಸುತ್ತ ಕೂತಳು. ಪಾದ ಎಷ್ಟು, ಕೋಲು ಎಷ್ಟು, ಏಳು ಚೂರುಗಳು ಒಂದೊಂದೂ ಎಷ್ಟೆಷ್ಟು ಎಂದು ಕಂಡುಕೊಂಡಳು. ಒಂದು ಚೂರು ಎರಡು ಗೆಣ್ಣು, ಒಂದು ಮೂರು, ಒಂದು ಬರೀ ಒಂದು. ಯಾವುದೂ ದೊಡ್ಡದಲ್ಲ. ಏಳು ಕಡ್ಡಿಗಳನ್ನೂ ನೆಲದ ಮೇಲೆ ಸಾಲಾಗಿ ಜೋಡಿಸಿದಳು. ಒಂದು ಕೋಲು ಏಳು ಗೆಣ್ಣು ಆಯಿತು. ಪಕ್ಕದಲ್ಲಿ ಚಾಪೆಯ ಮೇಲೆ ಮಲಗಿದ್ದ ಅಕ್ಕನ ಉದ್ದವೂ ಅಷ್ಟೇ ಇತ್ತು.

ತಪ್ಪು ತನ್ನದೆಂದು ಅವಳು ಅಕ್ಕನಿಗೆ ಹೇಳಿದಳು. ಅಕ್ಕ ಕಡ್ಡಿಗಳ ಸಾಲನ್ನು ನೋಡಿದಳು.

“ನೀನು ಊರಿನ ಪದ್ಧತಿ ಮಾಡಿದೆ ಕಣೇ,” ಎಂದಳು. “ತಿರುಗಿಸೋ ಕೆಲಸ ನಮ್ಮದು, ಬೀಳೋ ಕೆಲಸವೂ ನಮ್ಮದು. ಅವರದು ಬರೀ ಹೇಳೋ ಕೆಲಸ.”

ಆ ದಿನ ಹಗ್ಗದವಳು ಎರಡು ಮಾತು ತನಗೆ ತಾನೇ ಹೇಳಿಕೊಂಡಳು. ತಿರುಗಿಸಿದ ಸಂಖ್ಯೆಯ ಮೇಲೆ ಇನ್ನು ಹಗ್ಗ ಹೊಸೆಯುವುದಿಲ್ಲ. ಚೂರನ್ನು ಇನ್ನು ಗುಡ್ಡೆಗೆ ಹಾಕುವುದಿಲ್ಲ.

ಬೂರುಗ ಹೂಬಿಟ್ಟಿತು. ಹಲಗೆಗಳು ಮೂಕವಾದವು. ಜೇನು ಹೊಸ ಚಡಿಯೊಂದರಲ್ಲಿ ಕೂತಿತು. ಮೊದಲ ಮಳೆಗೆ ಅದು ಎದ್ದು ಹೋಗುವವರೆಗೆ ಐದು ಸಂತೆಗಳಿದ್ದವು.

ಹಲಗೆ ಮಾರುವವನು ಕತ್ತೆಯ ಮೇಲೆ ಹಲಗೆ ಹೇರಿಕೊಂಡು ಬೆಟ್ಟದಿಂದ ಇಳಿದು ಬಂದ. ಅವನು ಕೆಟ್ಟವನಲ್ಲ. ಊರಿನ ಮಜ್ಜಿಗೆ ಕುಡಿದು, ಊರಿನ ಗಾಳಿಮಾತು ಕೇಳಿ, ನಗಿಸಿ ಹೋಗುವವನು. ಸಂತೆಯಲ್ಲಿ ನೀಲಿ ಹಾಸುಬಟ್ಟೆ ಬಿಡಿಸಿ ಅದರ ಮೇಲೆ ಹಲಗೆಗಳನ್ನು ಜೋಡಿಸುತ್ತಿದ್ದ. ಹಲಗೆಮನೆಗೆ ಒಂದು ನೇಮವಿತ್ತು. ಹಾಸುಬಟ್ಟೆಯ ಮೇಲೆ ಕೊಳ್ಳುವವರು ಏನಿಟ್ಟರೂ, ಅದನ್ನು ಬಿಡದೆ ಬೆಟ್ಟಕ್ಕೆ ಒಯ್ದು ಬಾಗಿಲ ಮುಂದೆ ಸುರಿಯಬೇಕು. ಈ ನೇಮ ಊರಿಗೆಲ್ಲ ಗೊತ್ತಿತ್ತು. ಇಷ್ಟು ವರ್ಷ ಯಾರಿಗೂ ಅದರಿಂದ ಏನೂ ತೋಚಿರಲಿಲ್ಲ.

ಹಗ್ಗದವಳು ಬಂದು ಹಾಸುಬಟ್ಟೆಯ ಮುಂದೆ ನಿಂತಳು.

“ಇದು ನಮ್ಮ ಕೋಲಲ್ಲಿ ಹೇಳುತ್ತಾ?”

“ಇಲ್ಲ ತಾಯಿ. ಒಡೆಯರ ಪಾದದಲ್ಲೇ. ಯಾವತ್ತೂ ಹಾಗೇ ತಾನೇ?”

“ಹಾಗಾದರೆ ಉಳಿಯೋ ಚೂರು ನಿಮ್ಮದು,” ಎಂದು ಅವಳು ಒಂದು ಹರಳನ್ನು ನೀಲಿ ಬಟ್ಟೆಯ ಮೇಲಿಟ್ಟಳು.

ಅವನು ನಕ್ಕ. ಕಲ್ಲು ಒಪ್ಪಿಸೋದಕ್ಕೆ ಇದೇನು ಗುಡಿಯೇ ಎಂದು ಕೇಳಿದ. ಅಷ್ಟರಲ್ಲಿ ಊರುಗೋಲು ಊರಿಕೊಂಡು ಅಕ್ಕ ಬಂದಳು. ಅದೇ ಪ್ರಶ್ನೆ ಕೇಳಿದಳು, ಅದೇ ಉತ್ತರ ಪಡೆದಳು, ತನ್ನ ಹರಳು ಇಟ್ಟಳು.

“ಗುಡಿ ಅಂತಲೇ ತಿಳಿದಿದ್ವಿ ಕಣಪ್ಪ,” ಎಂದಳು. “ಒಳಗೆ ನೋಡಿದರೆ ಪಾದ ಒಂದೇ ಇದೆ. ಮೇಲೆ ದೇವರೇ ಇಲ್ಲ.”

ಸುತ್ತಲಿದ್ದವರು ನಕ್ಕರು. ನಕ್ಕವರಲ್ಲಿ ಹೆಚ್ಚಿನವರು ಹಲಗೆ ಕೊಂಡುಕೊಂಡೇ ಹೋದರು. ಆ ಸಂತೆಯಲ್ಲಿ ಬಿದ್ದದ್ದು ಎರಡೇ ಕಲ್ಲು. ನೇಮದಂತೆ ಹಲಗೆಯವನು ಎರಡನ್ನೂ ಜೇಬಿಗೆ ಹಾಕಿಕೊಂಡು ಬೆಟ್ಟ ಹತ್ತಿದ.

ಕೋಲು ಕಾಯುವ ಅಜ್ಜ ಅಂದು ಹಗ್ಗದವಳನ್ನು ಬಾವಿಕಟ್ಟೆಗೆ ಕರೆದು ಬುದ್ಧಿ ಹೇಳಿದ. ಚೂರನ್ನು ಗುಡ್ಡೆಗೆ ಹಾಕದಿದ್ದರೆ ಊರಿಗೆ ಒಳ್ಳೆಯದಲ್ಲ ಎಂದ. ನಿಧಾನವಾಗಿ, ಎಚ್ಚರದಿಂದ ತಿರುಗಿಸಿದರೆ ತಪ್ಪಾಗುವುದಿಲ್ಲ ಎಂದ. ತಿರುಗಿಸುವುದರಲ್ಲಿ ಊರಿನ ಕೈ ಪಳಗಿದೆ ಎಂದ.

ಹಗ್ಗದವಳು ಗುಡ್ಡೆಯನ್ನು ತೋರಿಸಿದಳು. “ತಾತ, ಪಳಗಿದ ಕೈ ಉಳಿಸಿದ್ದು ಅಷ್ಟು.”

ಅಜ್ಜ ಗುಡ್ಡೆಯನ್ನು ನೋಡಿದ. ಅದು ಏನೆಂದು ಅವನಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಎಷ್ಟೆಂದು ಈಗ ಕಂಡಿತು.

ಎರಡನೆಯ ಸಂತೆಗೆ ದರ್ಜಿ ಮೊದಲು ಬಂದ. ಹೊಸ ಹಲಗೆ ಕೊಂಡು ಮದುವೆಯ ಗಂಡಿಗೆ ಅಂಗಿ ಹೊಲಿದಿದ್ದ. ಹಲಗೆ ಈ ವರ್ಷ ತೋಳನ್ನೂ ಪದರ ಪದರವಾಗಿ ಹೇಳಿತ್ತು: ಭುಜದಿಂದ ಮೊಣಕೈಗೆ, ಮೊಣಕೈಯಿಂದ ಮಣಿಕಟ್ಟಿಗೆ, ಮಡಿಕೆಗೆ ಬೇರೆ. ದರ್ಜಿ ಮೂರು ಸಲ ಚೂರು ಬಿಟ್ಟಿದ್ದ. ಧಾರೆಯ ಹೊತ್ತಿಗೆ ಗಂಡಿನ ತೋಳು ಮೊಣಕೈಯಲ್ಲೇ ನಿಂತಿತ್ತು. ಬೀಗರು ಇನ್ನೂ ನಗುತ್ತಿದ್ದರು. ದರ್ಜಿ ಹಲಗೆಯನ್ನು ಮೇಲುಕೆಳಗು ಮಾಡಿ ನೀಲಿ ಬಟ್ಟೆಯ ಮೇಲಿಟ್ಟ, ಪಕ್ಕದಲ್ಲಿ ಮೂರು ಹರಳು ಇಟ್ಟ, ಮಾತಾಡದೆ ಹೋದ. ಅವನ ಹಿಂದೆ ಬಡಗಿ, ಅವನ ಹಿಂದೆ ಔಷಧಿ ಅರೆಯುವವಳು. ಪ್ರತಿಯೊಬ್ಬರೂ ನಿಂತರು, ನಮ್ಮ ಕೋಲಲ್ಲಿ ಹೇಳುತ್ತಾ ಎಂದು ಕೇಳಿದರು, ಇಲ್ಲ ಎಂದಮೇಲೆ ಕೊಂಡಿದ್ದ ಹಲಗೆಯನ್ನೂ ಹರಳನ್ನೂ ಇಟ್ಟರು. ಯಾರೂ ಕೂಗಾಡಲಿಲ್ಲ. ಹಲಗೆಯವನಿಗೆ ಕೂಗಾಟಕ್ಕೆ ಉತ್ತರ ಗೊತ್ತಿತ್ತು, ಇದಕ್ಕೆ ಗೊತ್ತಿರಲಿಲ್ಲ.

ಅವನ ಕೈಯಲ್ಲಿ ಹಲಗೆಮನೆಯ ಓಲೆ ಇತ್ತು. ಗಂಟಲು ಸರಿಮಾಡಿಕೊಂಡು ಓದಿದ. ಪಾದವೇ ಹಲಗೆಯ ಮೂಲ. ಕೋಲು ಕೇಳುವವರು ಕೆಲವೇ ಮಂದಿ. ಕೋಲಿನ ಹಲಗೆ ಮಾಡಲು ಏಳು ವರ್ಷ ಬೇಕು. ಅಲ್ಲಿಯವರೆಗೆ ಪ್ರತಿ ಹಲಗೆಯ ಜೊತೆ ತಿರುಗಿಸುವ ಪುಸ್ತಕವೊಂದನ್ನು ಪ್ರೀತಿಯಿಂದ ಕೊಡಲಾಗುವುದು. ಪುಸ್ತಕ ಇಟ್ಟಿಗೆಯಷ್ಟು ದಪ್ಪವಿತ್ತು. ಅಕ್ಕ ಅದನ್ನು ಕೈಗೆತ್ತಿಕೊಂಡು ತೂಗಿ ನೋಡಿ, ಹಗ್ಗಕ್ಕೆ ಕಟ್ಟಿಕೊಂಡು ಇಳಿದರೆ ಬೇಗ ಮುಟ್ಟಬಹುದು ಎಂದಳು.

ಸಂಜೆಗೆ ಕತ್ತೆಯ ಎರಡು ಚೀಲದಲ್ಲೂ ಕಲ್ಲು ತುಂಬಿತ್ತು.

ಮೂರನೆಯ ಸಂತೆಗೆ ಹಲಗೆಯವನು ಬೀಗುತ್ತ ಬಂದ. ಹಲಗೆಮನೆಯವರು ಏಳು ವರ್ಷದ ಕೆಲಸವನ್ನು ಅರ್ಧ ತಿಂಗಳಲ್ಲಿ ಮಾಡಿದ್ದರು. ಹೊಸ ಹಲಗೆ ಕೋಲಿನಲ್ಲೂ ಹೇಳುತ್ತದೆ ಎಂದ. ಹೇಗೆಂದು ಹಗ್ಗದವಳು ಕೇಳಿದಳು. ಮೊದಲು ಹಲಗೆಯನ್ನು ಬೆನ್ನು ಮೇಲೆ ಮಾಡಿ ಇಡಬೇಕು. ಮೂರು ಸಲ ಸುತ್ತು ಬರಬೇಕು. ಎಡಮೂಲೆಯನ್ನು ಎರಡು ಸಲ ತಟ್ಟಿ ‘ಕೋಲು’ ಎನ್ನಬೇಕು. ಆಮೇಲೆ ಸಂಜೆಯವರೆಗೆ ಅದು ಕೋಲಿನಲ್ಲೇ ಹೇಳುತ್ತದೆ.

“ಸಂಜೆ ಆದಮೇಲೆ?”

“ಮರೆತುಬಿಡುತ್ತೆ ತಾಯಿ. ಬೆಳಗ್ಗೆ ಮತ್ತೆ ಸುತ್ತಬೇಕು.”

“ಪಾದವನ್ನು ಯಾವತ್ತಾದರೂ ಮರೆತಿದೆಯಾ?”

ಹಲಗೆಯವನು ಕತ್ತೆಯ ಕಡೆ ನೋಡಿದ. ಇಲ್ಲ ಎಂದ.

ಹಗ್ಗದವಳು ಅದನ್ನು ಪರೀಕ್ಷೆಗೆಂದು ಎರಡು ದಿನ ಇಟ್ಟುಕೊಂಡಳು; ಹಲಗೆಯವನು ಅಷ್ಟು ದಿನ ಊರಲ್ಲೇ ತಂಗಿದ. ಮೊದಲ ದಿನ ಸುತ್ತಿದಳು, ಅದು ಕೋಲಿನಲ್ಲಿ ಹೇಳಿತು. ಎರಡನೆಯ ದಿನ ಸುತ್ತದೆ ಬಾಗಿಲಿನ ಎದುರು ಹಿಡಿದಳು. ‘ಆರು’ ಎಂದಿತು. ಅಷ್ಟೆ. ಆರು ಏನೆಂದು ಹೇಳಲಿಲ್ಲ. ನಿನ್ನೆ ಸುತ್ತಿದ ನೆನಪಿನಲ್ಲಿ ಇಂದು ಕೇಳಿದವರು ಅದನ್ನು ಕೋಲೆಂದೇ ತಿಳಿಯುತ್ತಾರೆ. ಕಣಿವೆಯ ಅಂಚಿನಲ್ಲಿ ಹೀಗೆ ತಿಳಿದವರು ಹಗ್ಗವನ್ನು ಹೊಳೆಯ ತಳದವರೆಗೆ ಬಿಡುತ್ತಾರೆ. ಅವಳು ಆ ಹಲಗೆಯನ್ನು ಹರಳಿನ ಜೊತೆ ಹಿಂದಿರುಗಿಸಿದಳು. ಅದರಿಂದ ಮೋಸಹೋದವರು ಅಷ್ಟರಲ್ಲಿ ಊರಿನಲ್ಲಿ ನಾಲ್ವರಿದ್ದರು, ಅವರೂ ಹಿಂದಿರುಗಿಸಿದರು.

ಊರಿನಲ್ಲಿ ಈಗ ಮಾತಾಡುವ ಹಲಗೆ ಒಂದೂ ಇರಲಿಲ್ಲ. ಬಡಗಿ ಒಂದೇ ಕೋಲಿಗಾಗಿ ಬಾವಿಕಟ್ಟೆಯಲ್ಲಿ ಸರದಿ ಕಾಯುತ್ತಿದ್ದ. ಮೇಣ ಮುಗಿಯುತ್ತ ಬಂದಿತ್ತು. ಮನೆಗೊಂದು ದೀಪವಿದ್ದದ್ದು ಬೀದಿಗೊಂದಾಯಿತು. ಜನ ಬೆಳಕಿರುವಾಗಲೇ ಉಂಡು ಮಲಗತೊಡಗಿದರು. ಕೆಲವರು ಹಗ್ಗದವಳ ಮನೆಯ ಮುಂದೆ ನಿಂತು, ಇನ್ನು ಸಾಕು, ಹೇಗೋ ತಿರುಗಿಸಿಕೊಂಡು ಹೊಸೆದುಬಿಡು ಎಂದರು. ಅವಳು ಕತ್ತಾಳೆಯ ನಾರು ಸೀಳುವುದನ್ನು ನಿಲ್ಲಿಸಲಿಲ್ಲ. ಎಳೆಗಳು ಸಿದ್ಧವಾಗಿದ್ದವು. ಹುರಿ ಹಾಕುವುದೊಂದೇ ಉಳಿದಿತ್ತು, ಅದಕ್ಕೆ ಉದ್ದ ಬೇಕಿತ್ತು. ಕೇಳಿದವರಿಗೆಲ್ಲ ಅವಳು, ಇಳಿಯುವವರು ನೀವೇ ಆದರೆ ಈಗಲೇ ಹೊಸೆಯುತ್ತೇನೆ ಎಂದಳು. ಮುಂದೆ ಬಂದವರು ಯಾರೂ ಇಲ್ಲ.

ನಾಲ್ಕನೆಯ ಸಂತೆಗೆ ಹಲಗೆಯವನು ತಡವಾಗಿ ಬಂದ. ಕತ್ತೆ ಬಡವಾಗಿತ್ತು. ನೆರಳಿನಲ್ಲಿ ಕೂತು ಮಜ್ಜಿಗೆ ಕುಡಿಯುತ್ತ ಅವನು ಹೇಳಿದ್ದರಿಂದ ಹೊಸ ಸುದ್ದಿ ತಿಳಿಯಿತು. ಕಲ್ಲು ಇಡುವುದು ಈ ಊರು ಮಾತ್ರವಲ್ಲ. ಹೊಳೆಯಾಚೆಯ ಊರುಗಳಲ್ಲೂ ಇಡುತ್ತಿದ್ದರು. ಅಲ್ಲಿಗೆ ಹೋಗುವ ಮಾರುವವರೂ ಕತ್ತೆಗಳ ಮೇಲೆ ಕಲ್ಲು ಹೊತ್ತು ತಂದು, ನೇಮದಂತೆ ಬಾಗಿಲ ಮುಂದೆ ಸುರಿಯುತ್ತಿದ್ದರು. ಹಲಗೆಮನೆಯ ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಈಗ ಅರ್ಧವೇ ತೆರೆಯುತ್ತಿತ್ತು. ಹಿರಿಯರು ಅಡ್ಡಡ್ಡ ನಡೆದು ಒಳಗೆ ಹೋಗುತ್ತಿದ್ದರು.

ಈ ಸಲ ಅವನು ತಂದ ಹಲಗೆಗೆ ಸುತ್ತುವುದೂ ಬೇಡ, ತಟ್ಟುವುದೂ ಬೇಡ. ಹಿಡಿದರೆ ಕೋಲಿನಲ್ಲೇ ಹೇಳುತ್ತಿತ್ತು. ಸಂಜೆಗೂ ಮರೆಯುತ್ತಿರಲಿಲ್ಲ. ಜನ ನಿಟ್ಟುಸಿರು ಬಿಟ್ಟರು. ಕೆಲವರು ಕೈ ಚಾಚಿದರು.

ಹಗ್ಗದವಳು ಅಜ್ಜನನ್ನು ಕೋಲು ತರಲು ಕೇಳಿದಳು. ಅಜ್ಜ ಕಲ್ಲುಗೂಡಿನಿಂದ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ತಂದು ನೀಲಿ ಬಟ್ಟೆಯ ಮೇಲೆ ಮಲಗಿಸಿದ. ಅವಳು ಹಲಗೆಯನ್ನು ಅದರ ಎದುರು ಹಿಡಿದಳು. ಕೋಲಿನ ಎದುರೇ ಹಲಗೆ ಹಿಡಿಯುವುದು ಆ ಊರಿನಲ್ಲಿ ಅದೇ ಮೊದಲು.

ಮುದುಕನ ಧ್ವನಿ ಹೇಳಿತು: “ಒಂಬತ್ತು ಗೆಣ್ಣು, ಒಂಬತ್ತು ಗೀರು, ಒಂಬತ್ತು ಕೂದಲು, ಇನ್ನೊಂದಿಷ್ಟು.”

ಕೋಲೇ ಒಂದು ಕೋಲಿರಲಿಲ್ಲ.

ಒಳಗೆ ಅದು ಇನ್ನೂ ಪಾದದಲ್ಲೇ ಎಣಿಸುತ್ತಿದೆ ಎಂದು ಹಗ್ಗದವಳು ನಿಧಾನವಾಗಿ ವಿವರಿಸಿದಳು. ಹೇಳುವ ಮುನ್ನ ತಿರುಗಿಸುತ್ತದೆ. ಚೂರು ಹೋಗಿಲ್ಲ, ಕಣ್ಣಿಗೆ ಬೀಳದ ಕಡೆ ಸೇರಿದೆ. ಇಷ್ಟು ದಿನ ನಾವು ಮಾಡುತ್ತಿದ್ದ ತಪ್ಪನ್ನು ಈಗ ಹಲಗೆ ನಮಗೆ ತಿಳಿಯದಂತೆ ಮಾಡುತ್ತದೆ.

“ಕೂದಲಷ್ಟು ತಾನೇ ತಾಯಿ,” ಎಂದ ಹಲಗೆಯವನು. ಅವನ ಧ್ವನಿಯಲ್ಲಿ ಬೇಡಿಕೆಯಿತ್ತು.

ಅವಳು ಹರಳು ಇಟ್ಟಳು. ಕೈ ಚಾಚಿದ್ದವರು ಕೈ ಹಿಂದೆ ತೆಗೆದುಕೊಂಡರು, ಆದರೆ ಮನಸ್ಸಿಲ್ಲದೆ. ಕಲ್ಲಿಡುವಾಗ ಕೆಲವರು ಹಲಗೆಯವನನ್ನು ನೋಡಲಿಲ್ಲ, ಹಗ್ಗದವಳನ್ನು ನೋಡಿದರು.

ಮಾರನೆಯ ಮಧ್ಯಾಹ್ನ ಹಗ್ಗದ ಅಂಗಳದಲ್ಲಿ ಅಕ್ಕ ತಂಗಿಯ ಎದುರು ಕೂತಳು. ಮೋಡದ ಅಂಚು ಕಪ್ಪಾಗುತ್ತಿತ್ತು. ಕಣಿವೆಯಿಂದ ಜೇನಿನ ಸದ್ದು ಬರುತ್ತಿತ್ತು. ಎದ್ದು ಹೋಗುವ ಮುಂಚಿನ ಸದ್ದು ಅದು, ಅಕ್ಕನಿಗೆ ಚೆನ್ನಾಗಿ ಗೊತ್ತು. ಅವಳು ಬಲಗಾಲನ್ನು ನೀಡಿಕೊಂಡು, ಕೂದಲೆಳೆ ಹೆಚ್ಚುಕಡಿಮೆಯಾದರೆ ತನ್ನ ಕಾಲಿಗೆ ಗೊತ್ತೂ ಆಗುವುದಿಲ್ಲ ಎಂದಳು. ಎಂಬತ್ತು ಕೋಲಿಗೆ ಎಂಬತ್ತು ಕೂದಲು, ಒಂದು ಗೆಣ್ಣೂ ಆಗುವುದಿಲ್ಲ. ನಾನು ಇಳಿಯುತ್ತೇನೆ, ಹೊಸೆ ಎಂದಳು.

ಹಗ್ಗದವಳಿಗೂ ಆ ಲೆಕ್ಕ ಗೊತ್ತಿತ್ತು. ರಾತ್ರಿಯೇ ಮಾಡಿದ್ದಳು. ಲೆಕ್ಕ ಸರಿಯಾಗಿತ್ತು. ಕೈಯಲ್ಲಿದ್ದ ಎಳೆಯನ್ನು ಅವಳು ನೆಲಕ್ಕಿಟ್ಟಳು.

“ಕಳೆದ ವರ್ಷವೂ ಒಂದೊಂದು ಚೂರೂ ಸಣ್ಣದೇ ಇತ್ತಕ್ಕ.”

ಅಕ್ಕ ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು.

“ಈ ವರ್ಷ ಕೂದಲು ಅಂತ ಕೊಂಡರೆ, ಮುಂದಿನ ವರ್ಷ ಅದನ್ನ ಎಷ್ಟಕ್ಕೆ ಸುಧಾರಿಸ್ತಾರೋ ಗೊತ್ತಿಲ್ಲ. ಆಗ ಕೇಳೋಕೆ ನಮ್ಮ ಹತ್ತಿರ ಬಾಯಿ ಇರಲ್ಲ. ನೀನೇ ಒಪ್ಪಿದ್ದೆ ಅಂತಾರೆ.”

“ಜೇನು ಹೋದರೆ?”

“ಕತ್ತಲೆಯಲ್ಲಿ ಕೂರೋಣ. ಕತ್ತಲೆಗೆ ಚೂರು ಇಲ್ಲ.”

ಅಕ್ಕ ನಕ್ಕು, ಮೊಂಡಿ, ನಮ್ಮವ್ವನ ಮಗಳು ನೀನೊಬ್ಬಳೇ ಎಂದಳು. ಊರುಗೋಲು ಹಿಡಿದು ಎದ್ದು ಬೀದಿಗೆ ಹೋದಳು. ಅಂದು ಸಂಜೆಯೊಳಗೆ ಅವಳು ಮನೆ ಮನೆಯ ಮುಂದೂ ನಿಂತು ಬಂದಳು. ಏನು ಹೇಳಿದಳೋ ತಂಗಿಗೆ ತಿಳಿಯದು. ಬೀದಿಗೆ ಒಂದಿದ್ದ ದೀಪವನ್ನೂ ಆ ದಿನ ಯಾರೂ ಹಚ್ಚಲಿಲ್ಲ. ಹಗ್ಗದವಳ ಮನೆಯ ಮುಂದೆ ನಿಂತು ಸಾಕು ಎನ್ನುವವರೂ ಆಮೇಲೆ ಬರಲಿಲ್ಲ.

ಐದನೆಯ ಸಂತೆಯ ದಿನ ಬಾವಿಯ ಪಕ್ಕದ ಗುಡ್ಡೆ ಇರಲಿಲ್ಲ. ಊರವರು ಬೆಳಗ್ಗೆಯಿಂದ ಅದನ್ನು ಬುಟ್ಟಿ ಬುಟ್ಟಿಯಾಗಿ ಸಂತೆಮಾಳಕ್ಕೆ ಸಾಗಿಸಿದ್ದರು. ಅಜ್ಜಂದಿರ ಚೂರು, ಅವರ ಅಜ್ಜಂದಿರ ಚೂರು, ಎಲ್ಲವೂ ಹಲಗೆಯವನು ಬಟ್ಟೆ ಹಾಸುವ ಜಾಗದ ಸುತ್ತ ಬುಟ್ಟಿಗಳಲ್ಲಿ ಕಾದಿತ್ತು. ಮೊದಲ ಬುಟ್ಟಿಯನ್ನು ಕೋಲು ಕಾಯುವ ಅಜ್ಜ ಹೊತ್ತು ತಂದಿದ್ದ.

ಹಲಗೆಯವನು ಬಂದ. ಬುಟ್ಟಿಗಳನ್ನು ನೋಡಿದ. ಕತ್ತೆಯೂ ನೋಡಿತು, ಎರಡು ಹೆಜ್ಜೆ ಹಿಂದೆ ಸರಿಯಿತು.

ಬಾಗಿಲು ಈಗ ತೆರೆಯುವುದೇ ಇಲ್ಲ, ತಾನು ಕಿಟಕಿಯಿಂದ ಇಳಿದು ಬಂದೆ ಎಂದು ಅವನು ಹೇಳಿದ. ಒಳಗಿನ ಹಿರಿಯರು ಅವನನ್ನು ಕೂರಿಸಿ, ಜನ ಏನು ಹೇಳುತ್ತಾರೆ ಎಂದು ಕೇಳಿದರಂತೆ. ಏನೂ ಹೇಳುವುದಿಲ್ಲ, ಒಂದು ಮಾತು ಕೇಳುತ್ತಾರೆ ಎಂದನಂತೆ. ಎಲ್ಲ ಊರಲ್ಲೂ ಅದೇ ಮಾತೇ ಎಂದರಂತೆ. ಅದೇ ಮಾತು, ಬೇರೆ ಬೇರೆ ಕಲ್ಲು ಎಂದನಂತೆ.

ಅವನ ಹತ್ತಿರ ಈ ಸಲ ಇದ್ದದ್ದು ಒಂದೇ ಹಲಗೆ. ಬಟ್ಟೆಯಲ್ಲಿ ಸುತ್ತಿತ್ತು. ಅದನ್ನು ಬಿಚ್ಚಿ ಹಗ್ಗದವಳ ಕೈಗೆ ಕೊಟ್ಟು ಅವನು ದೂರ ನಿಂತ.

ಅವಳು ಪ್ರಶ್ನೆ ಕೇಳಲಿಲ್ಲ. ಅಜ್ಜ ಕೋಲನ್ನು ಮಲಗಿಸಿದ. ಅವಳು ಹಲಗೆ ಹಿಡಿದಳು.

“ಒಂದು,” ಎಂದಿತು ಹಲಗೆ.

ಧ್ವನಿ ಮುದುಕನದಲ್ಲ. ಯಾರದೂ ಅಲ್ಲದ ಧ್ವನಿ. ಎಲ್ಲರೂ ಅದರ ಬಾಲಕ್ಕಾಗಿ ಕಾದರು. ಇನ್ನೊಂದಿಷ್ಟು ಎನ್ನುತ್ತದೆ ಎಂದು ಕಾದರು. ಗಾಳಿ ಬೀಸಿತು, ನೀಲಿ ಬಟ್ಟೆಯ ಮೂಲೆ ಎದ್ದು ಬಿತ್ತು. ಹಲಗೆ ಮತ್ತೇನೂ ಹೇಳಲಿಲ್ಲ.

ಹಗ್ಗದವಳು ಅಷ್ಟಕ್ಕೆ ನಂಬಲಿಲ್ಲ. ಒಂದು ಹಗ್ಗದ ತುಂಡನ್ನು ಅಳೆದಳು. ಅದನ್ನು ಏಳು ತುಂಡು ಮಾಡಿ ಒಂದೊಂದನ್ನೂ ಅಳೆದಳು. ಏಳನ್ನೂ ಕೂಡಿಸಿದಳು. ಮೊದಲಿನದಕ್ಕೆ ಸರಿಹೋಯಿತು. ಸಂಜೆಯವರೆಗೆ ಅಲ್ಲೇ ಕೂತು ಮತ್ತೆ ಕೋಲಿನ ಎದುರು ಹಿಡಿದಳು. ಒಂದು ಎಂದಿತು. ಸಂತೆ ಎದ್ದು ಹೋಗದೆ ಅವಳ ಜೊತೆ ಕೂತಿತ್ತು. ಬೆಳಗಿನವರೆಗೂ ಅವಳು ಹಲಗೆಯನ್ನು ಯಾರಿಗೂ ಮುಟ್ಟಗೊಡಲಿಲ್ಲ. ಸೂರ್ಯ ಮೂಡಿದ ಮೇಲೆ ಸುತ್ತದೆ, ತಟ್ಟದೆ ಇನ್ನೊಮ್ಮೆ ಹಿಡಿದಳು. ಒಂದು ಎಂದಿತು.

ಆಗ ಅವಳು ಅದನ್ನು ಕಣಿವೆಗೆ ಒಯ್ದಳು. ಅದು ಹೇಳಿದ್ದಕ್ಕೆ ಹುರಿ ಹಾಕಿದಳು. ಊರೇ ಎಳೆ ಹಿಡಿಯಿತು.

ಹಲಗೆಯವನು ಹೊರಡುವ ಮುನ್ನ, ಬಾಗಿಲ ಮುಂದಿನ ಕಲ್ಲನ್ನಾದರೂ ಬಂದು ತೆಗೆದುಕೊಂಡು ಹೋಗಿ, ಒಳಗೆ ಹೋಗಲು ದಾರಿಯಿಲ್ಲ ಎಂದು ಬೇಡಿಕೊಂಡ. ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುತ್ತಿದ್ದ ಅಕ್ಕ ತಲೆಯೆತ್ತಿದಳು.

“ಇರಲಿ ಬಿಡಪ್ಪ. ಬಾಗಿಲು ಎಷ್ಟು ತೆರೆಯುತ್ತೆ ಅಂತ ನಿಮ್ಮ ಹಲಗೆಗೇ ಕೇಳಿ. ಈಗ ಸರಿಯಾಗಿ ಹೇಳುತ್ತೆ.”

ಅವಳು ಅಂಚಿನಿಂದ ಕೆಳಗಿಳಿದಳು. ಮೊದಲು ಸೊಂಟ, ಆಮೇಲೆ ಭುಜ, ಆಮೇಲೆ ಜೇನಿನ ಕಲೆಗಳಿದ್ದ ಮುಖ ಮರೆಯಾಯಿತು. ಹಗ್ಗ ಇಳಿಯಿತು. ಹೊಳೆ ಭೋರ್ಗರೆಯುತ್ತಿತ್ತು. ಹಗ್ಗದವಳು ಅಂಚಿನಲ್ಲಿ ಮಂಡಿಯೂರಿ, ಹಗ್ಗದ ಮೇಲೆ ಅಂಗೈ ಇಟ್ಟುಕೊಂಡಿದ್ದಳು. ಕೆಂಪು ದಾರ ಬಂತು. ಹಗ್ಗ ನಿಂತಿತು.

ಕಳೆದ ವರ್ಷ ಹಗ್ಗ ಒಮ್ಮೆಲೇ ಹಗುರಾಗಿತ್ತು. ಈ ಸಲ ಅದು ಮೆಲ್ಲಗೆ ಹಗುರಾಯಿತು. ಮೊದಲು ಒಂದು ಕಾಲಿನಷ್ಟು. ಸ್ವಲ್ಪ ತಡೆದು, ಇನ್ನೊಂದು ಕಾಲಿನಷ್ಟು.

ಹಿಂದೆ ನಿಂತಿದ್ದವರು ಅಭ್ಯಾಸದಂತೆ ಹರಳಿಗಾಗಿ ನೆಲಕ್ಕೆ ಬಗ್ಗಿದರು. ಬಿಡುವುದಕ್ಕೆ ಏನೂ ಉಳಿದಿರಲಿಲ್ಲವೆಂದು ನೆನಪಾಗಿ ಬರಿಗೈಯಲ್ಲಿ ಎದ್ದು ನಿಂತರು.

ಹಗ್ಗದವಳ ಸೆರಗಿನ ಗಂಟಿನಲ್ಲಿ ಒಂದು ಹರಳಿತ್ತು. ಸಂತೆಗೆಂದು ತಂದದ್ದು, ಇಡದೆ ಉಳಿದದ್ದು. ಅವಳು ಅದನ್ನು ಬಿಚ್ಚಿ ಕಣಿವೆಗೆ ಎಸೆಯಲು ಕೈಯೆತ್ತಿದಳು. ಎಸೆಯಲಿಲ್ಲ. ಮತ್ತೆ ಸೆರಗಿಗೇ ಕಟ್ಟಿ ಗಂಟು ಬಿಗಿದಳು. ಮುಂದಿನ ವರ್ಷವೂ ಬೂರುಗ ಹೂಬಿಡುತ್ತದೆ. ಈ ಹಲಗೆ ಮೂಕವಾಗುತ್ತದೆ, ಹೊಸದು ಬರುತ್ತದೆ. ಅದರ ಎದುರು ಮೊದಲು ಕೋಲು ಇಡಬೇಕು.